ಸುರಂಗ ತೋಡಿದರೆ ಚಂದ್ರನಲ್ಲಿ ನೀರು ಸಿಕ್ಕೀತೇ?

ಪ್ರಶ್ನೆ: ಸರ್, ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮನೆಗೂ ಅಡಿಕೆ ತೋಟಕ್ಕೂ ಗುಡ್ಡದ ಸುರಂಗದ ನೀರೇ ಆಧಾರ. ಏಪ್ರಿಲ್ ಬಿಸಿಲಲ್ಲೂ ಅದರೊಳಗೆ ತಂಪು. ಚಂದ್ರನ ದಕ್ಷಿಣ ಧ್ರುವದಲ್ಲಿ ನೀರಿದೆ, ಅಲ್ಲಿ ನೆಲೆ ಕಟ್ಟುತ್ತಾರೆ ಎಂದು ಓದುತ್ತಿರುತ್ತೇನೆ. ಅಲ್ಲೂ ಹೀಗೆ ಸುರಂಗ ಕೊರೆದು ನೀರು ತೆಗೆಯಬಹುದಾ? ಅದರೊಳಗೇ ಜನ ವಾಸ ಮಾಡಬಹುದಾ? ಮಂಗಳ ಗ್ರಹದಲ್ಲಿ ಗಾಳಿಯಾದರೂ ಇದೆಯಂತೆ, ನೇರ ಅಲ್ಲಿಗೇ ಹೋಗಬಾರದಾ? ಮಗಳು ಪ್ಲಸ್ ವನ್‌ನಲ್ಲಿದ್ದಾಳೆ. ಈ ಕೆಲಸಕ್ಕೆ ಸೇರಬೇಕಾದರೆ ಏನು ಕಲಿಯಬೇಕು ಎಂದು ಕೇಳುತ್ತಿದ್ದಾಳೆ.

ಉತ್ತರ: ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ನೆಲೆ ಕಟ್ಟುವ ಮಾತು ಬಂದಾಗ ಹೆಚ್ಚಿನವರು ರಾಕೆಟ್ ಬಗ್ಗೆ ಕೇಳುತ್ತಾರೆ. ನೀವು ನೀರಿನ ಬಗ್ಗೆ ಕೇಳಿದ್ದೀರಿ. ಯೋಜನೆ ಹಾಕುವವರೂ ಮೊದಲು ಕೂರುವುದು ಇದೇ ಪ್ರಶ್ನೆಯ ಮುಂದೆ. ನಾನು ಉಪಗ್ರಹಗಳ ಬಿಸಿ-ತಂಪು ನೋಡಿಕೊಳ್ಳುವ ಕೆಲಸದಲ್ಲಿದ್ದವನು. ಹಾಗಾಗಿ ಸುರಂಗದ ತಂಪಿನಿಂದಲೇ ಶುರು ಮಾಡುತ್ತೇನೆ.

ಸುರಂಗದೊಳಗೆ ತಂಪಿರುವುದು ಯಾಕೆ? ಮೇಲಿನ ಮಣ್ಣು ಮತ್ತು ಮುರಕಲ್ಲು ಹೊರಗಿನ ಬಿಸಿಯನ್ನು ಒಳಗೆ ಬಿಡುವುದು ತುಂಬಾ ನಿಧಾನ. ಬೇಸಿಗೆಯ ಬಿಸಿ ಒಳಗೆ ತಲುಪುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ. ಚಂದ್ರನ ಮಣ್ಣು ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಅದು ಹಿಟ್ಟಿನಷ್ಟು ಸಣ್ಣ ಪುಡಿ, ಕಣಗಳ ನಡುವೆ ಗಾಳಿಯೂ ಇಲ್ಲ. ಬಿಸಿ ದಾಟಲಿಕ್ಕೆ ದಾರಿಯೇ ಇಲ್ಲ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3 ತನ್ನ ಜೊತೆ ಒಂದು ಉಷ್ಣತೆಯ ಕೋಲನ್ನು ಒಯ್ದಿತ್ತು. ಅದನ್ನು ಮಣ್ಣಿಗೆ ಚುಚ್ಚಿ ನೋಡಿದರೆ ಮೇಲೆ 50 ಡಿಗ್ರಿ ದಾಟಿದ ಬಿಸಿ, ಬರೀ 8 ಸೆಂಟಿಮೀಟರ್ ಕೆಳಗೆ ಮೈನಸ್ 10. ಒಂದು ಗೇಣೂ ಇಲ್ಲ, ಅಷ್ಟರಲ್ಲಿ 60 ಡಿಗ್ರಿ ವ್ಯತ್ಯಾಸ! ಅಪೊಲೊ 15 ಮತ್ತು 17ರವರು ಇನ್ನೂ ಆಳಕ್ಕೆ ತೂತು ಕೊರೆದು ಅಳೆದಿದ್ದರು. ಒಂದು ಮೀಟರ್ ಕೆಳಗೆ ಹಗಲಾಗಲಿ ರಾತ್ರಿಯಾಗಲಿ ಮೈನಸ್ 20ರ ಆಸುಪಾಸು. ಮೇಲಿನ ನೆಲ ಮಾತ್ರ ನಡು ಹಗಲಲ್ಲಿ 120 ಡಿಗ್ರಿ, ರಾತ್ರಿ ಮೈನಸ್ 170. ಅದೂ ನಮ್ಮ ಹದಿನಾಲ್ಕು ದಿನದಷ್ಟು ಉದ್ದದ ಹಗಲು, ಅಷ್ಟೇ ಉದ್ದದ ರಾತ್ರಿ.

ಅಂದರೆ ಮಣ್ಣಿನಡಿ ಸೇರುವುದು ಸರಿಯಾದ ಯೋಚನೆಯೇ. ಆದರೆ ನೀರಿನ ವಿಷಯಕ್ಕೆ ಬಂದರೆ ಸುರಂಗ ಕೆಲಸ ಮಾಡುವುದಿಲ್ಲ.

ನಿಮ್ಮ ಗುಡ್ಡದಲ್ಲಿ ಮಳೆ ನೀರು ಮೇಲಿನಿಂದ ಇಂಗುತ್ತದೆ. ಒರತೆ ಸಿಗುವವರೆಗೆ ತೋಡಿದರೆ ಸಾಕು, ಮುಂದೆ ನೀರು ತಾನಾಗಿ ಹರಿದು ಟ್ಯಾಂಕಿಗೆ ಬೀಳುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಚಂದ್ರನಲ್ಲಿ ಹರಿಯುವ ನೀರೇ ಇಲ್ಲ. ಗಾಳಿಯ ಒತ್ತಡ ಇಲ್ಲದ ಕಡೆ ನೀರು ನೀರಾಗಿ ಉಳಿಯುವುದಿಲ್ಲ. ಒಂದೋ ಮಂಜುಗಡ್ಡೆ, ಇಲ್ಲವೇ ಆವಿ.

ಇರುವುದು ಮಂಜುಗಡ್ಡೆ, ಅದೂ ಒಂದು ವಿಚಿತ್ರ ಜಾಗದಲ್ಲಿ. ಚಂದ್ರನ ಅಕ್ಷ ವಾಲಿರುವುದು ಬರೀ ಒಂದೂವರೆ ಡಿಗ್ರಿ. ಹಾಗಾಗಿ ಧ್ರುವಗಳಲ್ಲಿ ಸೂರ್ಯ ಮೇಲೇರುವುದೇ ಇಲ್ಲ, ದಿಗಂತದ ಅಂಚಿನಲ್ಲೇ ಸುತ್ತುತ್ತಿರುತ್ತಾನೆ. ಅಲ್ಲಿನ ಆಳವಾದ ಕುಳಿಗಳ ತಳಕ್ಕೆ ನೂರಾರು ಕೋಟಿ ವರ್ಷಗಳಿಂದ ಬಿಸಿಲು ಬಿದ್ದಿಲ್ಲ. ಶ್ಯಾಕಲ್ಟನ್ ಎಂಬ ಕುಳಿ ದಕ್ಷಿಣ ಧ್ರುವದ ಮೇಲೇ ಇದೆ. 21 ಕಿಲೋಮೀಟರ್ ಅಗಲ, 4 ಕಿಲೋಮೀಟರ್‌ಗೂ ಜಾಸ್ತಿ ಆಳ. ಇಂಥ ಕುಳಿಗಳ ತಳದಲ್ಲಿ ಉಷ್ಣತೆ ಮೈನಸ್ 170ಕ್ಕಿಂತ ಕೆಳಗೆ, ಕೆಲವು ಕಡೆ ಮೈನಸ್ 240ರವರೆಗೂ ಇಳಿಯುತ್ತದೆ. ಚಂದ್ರನ ಮೇಲ್ಮಣ್ಣಿನಲ್ಲಿ ನೀರಿನ ಗುರುತು ಇದೆ ಎಂದು ನಮ್ಮ ಚಂದ್ರಯಾನ-1ರಲ್ಲಿದ್ದ ನಾಸಾದ ಉಪಕರಣ 2009ರಲ್ಲಿ ತೋರಿಸಿತು. ಅದೇ ವರ್ಷ ಅಕ್ಟೋಬರ್ 9ರಂದು ನಾಸಾದ ಎಲ್‌ಕ್ರಾಸ್ ಯೋಜನೆಯವರು ಕ್ಯಾಬಿಯಸ್ ಕುಳಿಗೆ ಖಾಲಿ ರಾಕೆಟ್ ಹಂತವೊಂದನ್ನು ಬೀಳಿಸಿದರು. ಎದ್ದ ಧೂಳಿನ ತೂಕದಲ್ಲಿ ನೀರು ಸುಮಾರು 5.6 ಶೇಕಡಾ ಎಂಬ ಲೆಕ್ಕ ಸಿಕ್ಕಿತು.

ಈ ಲೆಕ್ಕವನ್ನೇ ಹಿಡಿದು ನೋಡೋಣ. ಒಂದು ಲೀಟರ್ ನೀರಿಗೆ ಸುಮಾರು 18 ಕಿಲೋ ಮಣ್ಣು ಅಗೆಯಬೇಕು. ಅದು ಸಡಿಲ ಮಣ್ಣಲ್ಲ. ಅಷ್ಟು ಚಳಿಯಲ್ಲಿ ಮಂಜು ಬೆರೆತ ಮಣ್ಣು ಕಾಂಕ್ರೀಟಿನಷ್ಟು ಗಟ್ಟಿಯಾಗಬಲ್ಲದು. ಪಿಕ್ಕಾಸಿನ ಮಾತು ಬಿಡಿ, ಆ ಚಳಿಗೆ ಸಾಮಾನ್ಯ ಉಕ್ಕೇ ಪೆಡಸಾಗಿ ಒಡೆಯುತ್ತದೆ. ಅಗೆದದ್ದನ್ನು ಬಿಸಿ ಮಾಡಿದರೆ ಮಂಜು ನೇರ ಆವಿಯಾಗಿ ಹಾರಿಹೋಗುತ್ತದೆ. ಆದ್ದರಿಂದ ಮುಚ್ಚಿದ ಪಾತ್ರೆಯಲ್ಲೇ ಕಾಯಿಸಿ, ಆವಿಯನ್ನು ತಣ್ಣನೆಯ ತಟ್ಟೆಗೆ ಹಿಡಿದು, ಮತ್ತೆ ಗಡ್ಡೆಯಾಗಿಸಿ ಸಂಗ್ರಹಿಸಬೇಕು. ಶಾಖ ಒಂದಿಷ್ಟೂ ಪೋಲಾಗದಿದ್ದರೆ ಒಂದು ಲೀಟರಿಗೆ ಸುಮಾರು ಒಂದೂವರೆ ಯುನಿಟ್ ಕರೆಂಟ್ ಸಾಕು. ನಿಜವಾದ ಯಂತ್ರದಲ್ಲಿ ಪೋಲಾಗಿಯೇ ಆಗುತ್ತದೆ, ಇನ್ನೂ ಜಾಸ್ತಿ ಬೇಕು. ಆ ನೀರನ್ನು ಕರೆಂಟ್ ಹಾಯಿಸಿ ಒಡೆದರೆ ಸುಮಾರು 890 ಗ್ರಾಂ ಆಮ್ಲಜನಕ ಬರುತ್ತದೆ. ಅದಕ್ಕೆ ಇನ್ನೊಂದು ಐದಾರು ಯುನಿಟ್. ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾದ ಆಮ್ಲಜನಕ ಸುಮಾರು 840 ಗ್ರಾಂ. ಒಂದು ಲೀಟರ್ ನೀರು, ಒಬ್ಬರ ಒಂದು ದಿನದ ಉಸಿರು. ನನಗೆ ಈ ಲೆಕ್ಕ ಬಹಳ ಇಷ್ಟ, ಇಡೀ ಯೋಜನೆಯ ಗಾತ್ರ ಇದರಲ್ಲಿ ಕಾಣುತ್ತದೆ.

ಈ ಕರೆಂಟ್ ಎಲ್ಲಿಂದ? ಕುಳಿಯೊಳಗೆ ಬಿಸಿಲಿಲ್ಲ. ಆದರೆ ಅದರ ಅಂಚಿನ ಕೆಲವು ಎತ್ತರದ ಏಣುಗಳ ಮೇಲೆ ವರ್ಷದ ಬಹುಪಾಲು ಬಿಸಿಲು ಇರುತ್ತದೆ. ಸೂರ್ಯ ದಿಗಂತದಲ್ಲೇ ಸುತ್ತುವುದರಿಂದ ಸೋಲಾರ್ ಹಲಗೆಗಳನ್ನು ನಮ್ಮ ಮನೆ ಮಾಡಿನ ಮೇಲಿನ ಹಾಗೆ ಮಲಗಿಸಿ ಪ್ರಯೋಜನವಿಲ್ಲ, ಕಂಬಕ್ಕೆ ಕಟ್ಟಿ ನೆಟ್ಟಗೆ ನಿಲ್ಲಿಸಬೇಕು. ದಕ್ಷಿಣ ಧ್ರುವಕ್ಕೆ ಎಲ್ಲರೂ ಮುಗಿಬಿದ್ದಿರುವುದು ಇದಕ್ಕೇ. ಬಿಸಿಲೂ ಮಂಜೂ ಕೆಲವೇ ಕಿಲೋಮೀಟರ್ ಅಂತರದಲ್ಲಿ ಸಿಗುವ ಜಾಗ ಅದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕುಡಿಯುವ ನೀರಿಗಾಗಿಯೇ ಇಷ್ಟೆಲ್ಲ ಬೇಕಾಗಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಸೋಸಿ 98 ಶೇಕಡಾ ನೀರನ್ನು ಮರಳಿ ಪಡೆಯಬಹುದು ಎಂದು 2023ರಲ್ಲಿ ತೋರಿಸಿದ್ದಾರೆ. ಆರೇಳು ಜನರ ಮನೆಗೆ ಹೊಸ ನೀರು ತುಂಬ ಕಡಿಮೆ ಸಾಕು. ಕುಳಿಯ ನೀರು ಬೇಕಾಗುವುದು ರಾಕೆಟ್ಟಿಗೆ. ನೀರನ್ನು ಒಡೆದರೆ ಸಿಗುವ ಜಲಜನಕ ಮತ್ತು ಆಮ್ಲಜನಕವೇ ಒಳ್ಳೆಯ ಇಂಧನ. ಅದು ಟನ್‌ಗಟ್ಟಲೆ ಬೇಕು. ಗಣಿಗಾರಿಕೆ ದೊಡ್ಡದಾಗುವುದು ಅಲ್ಲಿ.

ಈಗ ವಾಸದ ವಿಷಯ. ಸುರಂಗ ತೋಡುವವರಿಗೆ ಯಾವಾಗಲೂ ಮಾಡು ಕುಸಿಯುವ ಹೆದರಿಕೆ. ಚಂದ್ರನ ಮೇಲೆ ಹೆದರಿಕೆ ತಿರುಗುಮುರುಗು. ಒಳಗೆ ಉಸಿರಾಡುವ ಗಾಳಿ ತುಂಬಬೇಕು, ಹೊರಗೆ ಏನೂ ಇಲ್ಲ. ನಮ್ಮ ಊರಿನಷ್ಟೇ ಒತ್ತಡದ ಗಾಳಿ ತುಂಬಿದರೆ ಗೋಡೆಯ ಪ್ರತಿ ಚದರ ಮೀಟರನ್ನು ಅದು ಹತ್ತು ಟನ್ ಬಲದಿಂದ ಹೊರಕ್ಕೆ ತಳ್ಳುತ್ತದೆ. ಮಾಡಿನ ಮೇಲೆ ಎರಡು ಮೀಟರ್ ದಪ್ಪ ಮಣ್ಣು ಹೇರಿದರೂ, ಅಲ್ಲಿನ ಗುರುತ್ವ ಆರನೇ ಒಂದು ಭಾಗ ಆದ್ದರಿಂದ, ಅದರ ಭಾರ ಚದರ ಮೀಟರಿಗೆ 500–600 ಕಿಲೋ ಅಷ್ಟೇ. ಹತ್ತು ಟನ್ನಿನ ಮುಂದೆ ಅದು ಯಾವ ಲೆಕ್ಕ? ಹಾಗಾಗಿ ಬರೀ ಕಲ್ಲಿನ ಗುಹೆಗೆ ಗಾಳಿ ತುಂಬಿ ಇರಲಾಗುವುದಿಲ್ಲ. ಸಣ್ಣ ಬಿರುಕುಗಳಲ್ಲೂ ಗಾಳಿ ಸೋರಿಹೋಗುತ್ತದೆ. ಒಳಗೆ ಲೋಹದ ಇಲ್ಲವೇ ಗಟ್ಟಿ ಬಟ್ಟೆಯ ಮುಚ್ಚಿದ ಕೋಣೆ ಇರಬೇಕು, ಮಣ್ಣು ಅದರ ಮೇಲಿನ ಹೊದಿಕೆ.

ಆ ಹೊದಿಕೆ ಯಾಕೆ ಅಂದರೆ ವಿಕಿರಣ. ಚೀನಾದ ಚಾಂಗ್‌ಎ-4 ನೌಕೆ ಚಂದ್ರನ ನೆಲದ ಮೇಲೆ ಅಳೆದ ಪ್ರಕಾರ ದಿನಕ್ಕೆ ಸುಮಾರು 1.37 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ ಅದು). ಭೂಮಿಯಲ್ಲಿ ನಮಗೆ ನೈಸರ್ಗಿಕವಾಗಿ ಸಿಗುವುದು ಸರಾಸರಿ ವರ್ಷಕ್ಕೆ 2.4. ಅಲ್ಲಿ ಎರಡೇ ದಿನದಲ್ಲಿ ನಮ್ಮ ವರ್ಷದ ಪಾಲು ಮುಗಿಯುತ್ತದೆ. ಸೂರ್ಯನಲ್ಲಿ ಸ್ಫೋಟವಾದರೆ ಇನ್ನೂ ಕಷ್ಟ. 1972ರ ಆಗಸ್ಟಿನಲ್ಲಿ ಅಂಥದ್ದೊಂದು ದೊಡ್ಡ ಸ್ಫೋಟವಾಯಿತು. ಏಪ್ರಿಲ್‌ನಲ್ಲಿ ಅಪೊಲೊ 16 ಮರಳಿತ್ತು, ಅಪೊಲೊ 17 ಹೊರಟದ್ದು ಡಿಸೆಂಬರಿನಲ್ಲಿ. ನಡುವೆ ಯಾರೂ ಅಲ್ಲಿರಲಿಲ್ಲ ಎನ್ನುವುದು ಪುಣ್ಯ. ಮೂರು ದಿನ ಇದ್ದು ಬರುವವರು ಆ ಮಟ್ಟಿನ ಅಪಾಯಕ್ಕೆ ಒಪ್ಪಬಹುದು. ಆರು ತಿಂಗಳು ಇರುವವರಿಗೆ ಮಣ್ಣಿನ ಹೊದಿಕೆ ಬೇಕೇ ಬೇಕು.

ಚಂದ್ರನಲ್ಲಿ ತಾನಾಗಿಯೇ ಆದ ಸುರಂಗಗಳೂ ಇವೆ. ಹಿಂದೆ ಲಾವಾ ಹರಿದು ಹೋದ ಟೊಳ್ಳು ಕೊಳವೆಗಳು. ಜಪಾನಿನ ಕಾಗುಯಾ ನೌಕೆಯ ಚಿತ್ರಗಳಲ್ಲಿ ಮಾರಿಯಸ್ ಗುಡ್ಡಗಳ ನಡುವಿನ ಬಾವಿಯಂಥ ಒಂದು ತೂತು 2009ರಲ್ಲಿ ಕಂಡಿತು. ‘ಪ್ರಶಾಂತ ಸಾಗರ’ ಎನ್ನುವ ಬಯಲಿನಲ್ಲಿ ಸುಮಾರು 100 ಮೀಟರ್ ಆಳದ ಇನ್ನೊಂದಿದೆ. ಅದರೊಳಗಿನ ನೆರಳಿನ ಭಾಗದಲ್ಲಿ ಉಷ್ಣತೆ 17 ಡಿಗ್ರಿ ಆಸುಪಾಸು ನಿಲ್ಲುತ್ತದೆ ಎಂದು 2022ರಲ್ಲಿ ಲೆಕ್ಕ ಹಾಕಿದರು. ಕೇಳಲಿಕ್ಕೆ ಎಷ್ಟು ಚೆಂದ, ಅಲ್ವಾ? ತೊಂದರೆ ಏನೆಂದರೆ ಇವೆರಡೂ ಸಮಭಾಜಕದ ಕಡೆಗಿವೆ. ಮಂಜು ಧ್ರುವದಲ್ಲಿ. ಮನೆ ಒಂದು ಕಡೆ, ನೀರು ಸಾವಿರಾರು ಕಿಲೋಮೀಟರ್ ಆಚೆ. ಮೇಲಿಂದ ಹದಿನಾಲ್ಕು ದಿನದ ರಾತ್ರಿ ಬೇರೆ. ಈ ಕಾರಣಕ್ಕೆ ಮೊದಲ ನೆಲೆ ಧ್ರುವದ ಏಣಿನ ಮೇಲೇ ಆಗುತ್ತದೆ, ಗುಹೆಗಳ ಸರದಿ ಆಮೇಲೆ ಎಂದು ನನ್ನ ಅಭಿಪ್ರಾಯ.

ಹೊದಿಕೆಯ ಮಣ್ಣನ್ನು ಸುಮ್ನೆ ಗುಡ್ಡೆ ಹಾಕಬಹುದು, ಇಟ್ಟಿಗೆಯಾಗಿಯೂ ಕಟ್ಟಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ಸೇರಿ 2020ರಲ್ಲಿ ಒಂದು ದಾರಿ ತೋರಿಸಿದವು. ಚಂದ್ರನ ಮಣ್ಣಿನಂಥ ಪುಡಿಗೆ ಯೂರಿಯಾ, ಒಂದು ಬಗೆಯ ಬ್ಯಾಕ್ಟೀರಿಯಾ ಮತ್ತು ಗೋರಿಕಾಯಿ ಜಾತಿಯ ಬೀಜದ ಅಂಟು ಬೆರೆಸಿದರು. ಬ್ಯಾಕ್ಟೀರಿಯಾ ಯೂರಿಯಾವನ್ನು ತಿಂದು ಸುಣ್ಣದಂಥ ವಸ್ತು ಮಾಡುತ್ತದೆ, ಅದು ಕಣಗಳನ್ನು ಬಿಗಿಯುತ್ತದೆ. ಯೂರಿಯಾ ಮೂತ್ರದಲ್ಲೇ ಸಿಗುತ್ತದೆ, ಭೂಮಿಯಿಂದ ಹೊರಬೇಕಾಗಿಲ್ಲ. ಇನ್ನು ಚಂದ್ರನ ಮಣ್ಣಿನಂಥ ಪುಡಿ ಎಲ್ಲಿಂದ ಬಂತು ಗೊತ್ತೇ? ಇಸ್ರೊ ಅದನ್ನು ತಯಾರಿಸಿದ್ದು ತಮಿಳುನಾಡಿನ ನಾಮಕ್ಕಲ್ ಬಳಿಯ ಸಿತ್ತಂಪೂಂಡಿಯ ಕಲ್ಲಿನಿಂದ. ಚಂದ್ರನ ಎತ್ತರದ ಪ್ರದೇಶಗಳಲ್ಲಿರುವ ಅನಾರ್ಥೊಸೈಟ್ ಜಾತಿಯ ಕಲ್ಲು ಅಲ್ಲಿದೆ.

ಧೂಳಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಗಾಳಿ-ಮಳೆಯಲ್ಲಿ ಸವೆಯದ ಕಣಗಳು, ಅಂಚೆಲ್ಲ ಗಾಜಿನ ಚೂರಿನ ಹಾಗೆ ಚೂಪು. ಸ್ಥಿರ ವಿದ್ಯುತ್ತಿನಿಂದ ಎಲ್ಲದಕ್ಕೂ ಅಂಟುತ್ತವೆ. ಅಪೊಲೊ 17ರ ಹ್ಯಾರಿಸನ್ ಶ್ಮಿಟ್ ಅವರಿಗೆ ಒಳಗೆ ಬಂದ ಧೂಳಿನಿಂದ ಮೂಗು ಕಟ್ಟಿ ಶೀತದಂತೆ ಕಾಡಿತ್ತು. ಅದೂ ಮೂರೇ ದಿನದಲ್ಲಿ. ಬಾಗಿಲಿನ ರಬ್ಬರ್, ಉಡುಪಿನ ಕೀಲು, ಯಂತ್ರದ ಬೇರಿಂಗ್ ಎಲ್ಲವನ್ನೂ ಅದು ತಿನ್ನುತ್ತದೆ. ನೌಕೆ ಇಳಿಯುವಾಗಲಂತೂ ರಾಕೆಟ್ಟಿನ ಉರಿಗೆ ಧೂಳು ಗುಂಡಿನ ವೇಗದಲ್ಲಿ ಹಾರುತ್ತದೆ. 1969ರಲ್ಲಿ ಅಪೊಲೊ 12 ಇಳಿದದ್ದು ಅದಕ್ಕೂ ಮೊದಲೇ ಅಲ್ಲಿದ್ದ ಸರ್ವೇಯರ್ 3 ನೌಕೆಯಿಂದ ಇನ್ನೂರು ಮೀಟರ್‌ಗಿಂತ ಕಡಿಮೆ ದೂರದಲ್ಲಿ. ಆ ನೌಕೆಯ ಮೈಯನ್ನು ಹಾರಿದ ಮರಳು ಉಜ್ಜಿದ ಗುರುತುಗಳು ಆಮೇಲೆ ಸಿಕ್ಕವು. ಹಾಗಾಗಿ ಇಳಿಯುವ ಜಾಗ ಮನೆಯಿಂದ ದೂರ ಇರಬೇಕು, ನಡುವೆ ಮಣ್ಣಿನ ದಿಣ್ಣೆಯೂ ಬೇಕು. ದೂರ ಅಂದ ಮೇಲೆ ರಸ್ತೆ, ರಸ್ತೆ ಅಂದ ಮೇಲೆ ಗಾಡಿ. ಯೋಜನೆ ಬೆಳೆಯುವುದು ಹೀಗೆ.

ಮಂಗಳಕ್ಕೆ ಬರೋಣ. ಅಲ್ಲಿ ಗಾಳಿ ಇದೆ ಎನ್ನುವುದು ನಿಜ. ಆದರೆ ಒತ್ತಡ ನಮ್ಮದರ ನೂರನೇ ಒಂದು ಭಾಗವೂ ಇಲ್ಲ, ಅದರಲ್ಲಿ 95 ಶೇಕಡಾ ಇಂಗಾಲದ ಡೈಆಕ್ಸೈಡ್. ಉಸಿರಾಡಲು ಆಗದು, ಯಂತ್ರಕ್ಕೆ ಕಚ್ಚಾವಸ್ತು ಆಗುತ್ತದೆ. 2021ರಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರಿನಲ್ಲಿದ್ದ ಮಾಕ್ಸಿ ಎಂಬ ಪೆಟ್ಟಿಗೆ ಅದನ್ನು ಮಾಡಿ ತೋರಿಸಿತು. ಅಲ್ಲಿನ ಗಾಳಿಯನ್ನೇ ಒಡೆದು 16 ಸಲ ಓಡಿ ಒಟ್ಟು 122 ಗ್ರಾಂ ಆಮ್ಲಜನಕ ತಯಾರಿಸಿತು. ಹೆಚ್ಚೆಂದರೆ ಗಂಟೆಗೆ 12 ಗ್ರಾಂ. ಮಂಗಳದ ನೆಲದಿಂದ ನಾಲ್ಕಾರು ಜನರನ್ನು ಮೇಲೆತ್ತುವ ರಾಕೆಟ್ಟಿಗೆ ಸುಮಾರು 25 ಟನ್ ಆಮ್ಲಜನಕ ಬೇಕು. ಮಾಕ್ಸಿಯ ವೇಗದಲ್ಲಿ ಅದಕ್ಕೆ 200 ವರ್ಷಕ್ಕೂ ಮೇಲೆ ಹಿಡಿಯುತ್ತದೆ. ನೂರಾರು ಪಟ್ಟು ದೊಡ್ಡ ಯಂತ್ರ ಮೊದಲೇ ಹೋಗಿ, ಒಂದು ವರ್ಷಕ್ಕೂ ಜಾಸ್ತಿ ಕಾಲ ತಾನೇ ಓಡಿ, ಟ್ಯಾಂಕ್ ತುಂಬಿದೆ ಎಂದು ಖಾತ್ರಿಯಾದ ಮೇಲೆ ಜನ ಹೊರಡುವುದು ಸರಿಯಾದ ಕ್ರಮ.

ನೀರಿನ ಮಟ್ಟಿಗೆ ಮಂಗಳ ಚಂದ್ರನಿಗಿಂತ ಉದಾರಿ. 2008ರಲ್ಲಿ ಫೀನಿಕ್ಸ್ ನೌಕೆ ಉತ್ತರದ ಬಯಲಿನಲ್ಲಿ ಕೆಲವೇ ಸೆಂಟಿಮೀಟರ್ ಕೆರೆದಾಗ ಬಿಳಿ ಮಂಜು ಕಂಡಿತು. ದಿನವೂ ನಮ್ಮದರ ಹಾಗೆಯೇ, 24 ಗಂಟೆ 39 ನಿಮಿಷ. ಗುರುತ್ವ 38 ಶೇಕಡಾ. ಆದರೆ ಅದೇ ಫೀನಿಕ್ಸ್ ಮಣ್ಣಿನಲ್ಲಿ ಪರ್‌ಕ್ಲೊರೇಟ್ ಎಂಬ ಲವಣವನ್ನೂ ಕಂಡುಹಿಡಿಯಿತು. ಅದು ಥೈರಾಯ್ಡ್‌ಗೆ ಕೆಟ್ಟದ್ದು. ಮಣ್ಣನ್ನು ತೊಳೆಯದೆ ಅಲ್ಲಿ ತರಕಾರಿ ಬೆಳೆಯುವ ಹಾಗಿಲ್ಲ.

ಹಾಗಾದರೆ ನೇರ ಅಲ್ಲಿಗೆ ಯಾಕೆ ಬೇಡ? ದೂರ ಮತ್ತು ಕಾಲ. 1970ರ ಏಪ್ರಿಲ್‌ನಲ್ಲಿ ಅಪೊಲೊ 13ರ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಆಗ ನೌಕೆ ಭೂಮಿಯಿಂದ 3 ಲಕ್ಷ ಕಿಲೋಮೀಟರ್ ಆಚೆ. ಆದರೂ ನಾಲ್ಕು ದಿನದೊಳಗೆ ಮೂವರೂ ಜೀವಂತ ಮರಳಿದರು. ಇಳಿಯುವ ನೌಕೆಯಲ್ಲಿದ್ದ ಗಾಳಿ-ನೀರು ಅಷ್ಟು ದಿನಕ್ಕೆ ಸಾಕಾಯಿತು. ಭೂಮಿಯಲ್ಲಿದ್ದ ಇಂಜಿನಿಯರುಗಳು ಪ್ರತಿ ಹೆಜ್ಜೆಯನ್ನೂ ಮಾತಿನಲ್ಲೇ ಹೇಳಿಕೊಟ್ಟರು. ಮಂಗಳದ ದಾರಿಯಲ್ಲಿ ಹೀಗಾದರೆ ಅರ್ಧದಿಂದ ತಿರುಗಿ ಬರುವ ದಾರಿ ಇಲ್ಲ. ಹೋಗಲಿಕ್ಕೆ ಆರರಿಂದ ಒಂಬತ್ತು ತಿಂಗಳು. ಹೊರಡುವ ಅವಕಾಶ 26 ತಿಂಗಳಿಗೊಮ್ಮೆ. ಮರಳಲು ಗ್ರಹಗಳು ಸರಿಯಾಗಿ ಬರುವವರೆಗೆ ಅಲ್ಲೇ ಸುಮಾರು 500 ದಿನ ಕಾಯಬೇಕು. ಒಟ್ಟು ಎರಡೂವರೆ ಮೂರು ವರ್ಷ. ಒಂದು ಮಾತು ಅಲ್ಲಿ ತಲುಪಲಿಕ್ಕೆ 3ರಿಂದ 22 ನಿಮಿಷ, ಉತ್ತರಕ್ಕೆ ಮತ್ತೆ ಅಷ್ಟೇ. ವಿಕಿರಣದ ಲೆಕ್ಕವೂ ದೊಡ್ಡದು. ಕ್ಯೂರಿಯಾಸಿಟಿ ರೋವರ್ ದಾರಿಯಲ್ಲಿ ದಿನಕ್ಕೆ ಸುಮಾರು 1.8, ಮಂಗಳದ ನೆಲದ ಮೇಲೆ 0.65ರ ಆಸುಪಾಸು ಮಿಲಿಸೀವರ್ಟ್ ಅಳೆದಿದೆ. ಹೋಗಿಬರುವಷ್ಟರಲ್ಲಿ ಅದು ಒಂದು ಸಾವಿರದ ಹತ್ತಿರ ಬರುತ್ತದೆ. ನಾಸಾ ತನ್ನ ಯಾತ್ರಿಗಳಿಗೆ ಇಡೀ ವೃತ್ತಿಗೆ ಇಟ್ಟಿರುವ ಮಿತಿ 600.

ಇಳಿಯುವುದೂ ಸುಲಭವಿಲ್ಲ. ಅಲ್ಲಿಯ ತೆಳು ಗಾಳಿ ನೌಕೆಯನ್ನು ಸುಡುವಷ್ಟು ಇದೆ, ಪ್ಯಾರಾಚೂಟ್ ಒಂದರಿಂದಲೇ ನಿಲ್ಲಿಸುವಷ್ಟು ಇಲ್ಲ. ಪರ್ಸಿವಿಯರೆನ್ಸ್ ತೂಕ ಒಂದು ಟನ್ ಅಷ್ಟೇ. ಜನರ ನೌಕೆ ಹತ್ತಾರು ಟನ್ ಇರುತ್ತದೆ. ಸೋಲಾರ್ ನಂಬಿದರೆ 2018ರಂಥ ಧೂಳಿನ ಬಿರುಗಾಳಿ ಬಂದೀತು, ಆಪರ್ಚುನಿಟಿ ರೋವರ್ ಅದರಲ್ಲೇ ಮೌನವಾಯಿತು. ಹಾಗಾಗಿ ಮಂಗಳಕ್ಕೆ ಸಣ್ಣ ಪರಮಾಣು ರಿಯಾಕ್ಟರ್ ಬೇಕಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟು. ನೀರು, ಗಾಳಿ, ಕರೆಂಟಿನ ಯಂತ್ರಗಳು ಭೂಮಿಯಿಂದ ಬಿಡಿಭಾಗ ತರಿಸದೆ ಮೂರು ವರ್ಷ ಓಡಬಲ್ಲವು ಎಂದು ಚಂದ್ರನ ಮೇಲೆ ಸಾಬೀತಾಗುವವರೆಗೆ ಯಾರನ್ನೂ ಮಂಗಳಕ್ಕೆ ಕಳಿಸಬಾರದು. ಸುರಂಗ ತೋಡುವವರು ಉರಿಯುವ ದೀಪ ಹಿಡಿದು ಒಳಗೆ ಹೋಗುವುದನ್ನು ನೀವು ನೋಡಿರುತ್ತೀರಿ. ಜ್ವಾಲೆ ಕುಂದಿದರೆ ಕೂಡಲೇ ಹೊರಗೆ ಬರುತ್ತಾರೆ. ಚಂದ್ರನಲ್ಲಿ ಆ ‘ಹೊರಗೆ’ ಎನ್ನುವುದು ಮೂರ್ನಾಲ್ಕು ದಿನದ ದಾರಿ. ಮಂಗಳದಲ್ಲಿ ಅದು ಇಲ್ಲವೇ ಇಲ್ಲ. ಲಕ್ಷಾಂತರ ಜನ ಅಲ್ಲಿ ಊರು ಕಟ್ಟಿಕೊಳ್ಳುತ್ತಾರೆ ಎನ್ನುವ ಮಾತುಗಳನ್ನು ಸದ್ಯಕ್ಕೆ ಬದಿಗಿಡಿ. ಮುಂದಿನ ದಶಕಗಳಲ್ಲಿ ಕೈಗೂಡಬಹುದಾದದ್ದು ನಾಲ್ಕರಿಂದ ಹತ್ತು ಜನ ಸರದಿಯ ಮೇಲೆ ಹೋಗಿಬರುವ ಸಣ್ಣ ನೆಲೆ.

ನಮ್ಮ ದೇಶದ ಗುರಿ 2035ಕ್ಕೆ ಸ್ವಂತ ಬಾಹ್ಯಾಕಾಶ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರು. ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಜಪಾನಿನ ಜೊತೆ ಸೇರಿ ಧ್ರುವದ ನೀರನ್ನು ಹುಡುಕುವ ರೋವರ್ ಯೋಜನೆಯೂ ಇದೆ.

ಈಗ ಮಗಳ ಪ್ರಶ್ನೆ. ಪ್ಲಸ್ ವನ್ ಅಂದರೆ ಸಮಯ ಸರಿಯಾಗಿದೆ. ಇಸ್ರೊಗೆ ಹತ್ತಿರದ ದಾರಿ ತಿರುವನಂತಪುರದ ವಲಿಯಮಲದಲ್ಲಿರುವ ಬಾಹ್ಯಾಕಾಶ ವಿಜ್ಞಾನ ಸಂಸ್ಥೆ, ಐಐಎಸ್‌ಟಿ. ಅಲ್ಲಿಯ ಬಿ.ಟೆಕ್‌ಗೆ ಜೆಇಇ ಅಡ್ವಾನ್ಸ್ಡ್ ಪಾಸಾಗಬೇಕು. ಗಣಿತ, ಭೌತಶಾಸ್ತ್ರ ಬಿಗಿಯಾಗಿ ಹಿಡಿಯಲಿ. ಆದರೆ ಏರೋಸ್ಪೇಸ್ ಒಂದೇ ದಾರಿ ಎಂದು ಅವಳು ತಿಳಿಯುವುದು ಬೇಡ. ಮೇಲೆ ಹೇಳಿದ್ದನ್ನೆಲ್ಲ ಇನ್ನೊಮ್ಮೆ ನೋಡಿ. ಗಣಿ, ಲೋಹ, ನೀರು ಶುದ್ಧೀಕರಣ, ಮಣ್ಣಿನ ಸೂಕ್ಷ್ಮಜೀವಿ, ಶ್ವಾಸಕೋಶದ ವೈದ್ಯಕೀಯ, ಸೀಲ್ ಮತ್ತು ಬೇರಿಂಗ್. ನೆಲೆಯಲ್ಲಿ ಬೇಕಾಗುವ ಪರಿಣತರು ಇವರೇ. ಕೃಷಿಯೂ ಇದೆ. 2024ರ ಕೊನೆಗೆ ಹಾರಿದ ಪಿಎಸ್‌ಎಲ್‌ವಿ ಸಿ-60 ರಾಕೆಟ್ಟಿನಲ್ಲಿ ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರದವರು ಎಂಟು ಅಲಸಂಡೆ ಬೀಜ ಕಳಿಸಿದ್ದರು. ನಾಲ್ಕೇ ದಿನದಲ್ಲಿ ಅವು ಮೊಳೆತವು. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೊಳೆಸಿದ ಹೆಸರು ಮತ್ತು ಮೆಂತೆಯ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು.

ಇಷ್ಟರಲ್ಲಿ ಅವಳಿಗೆ ನಿಜವಾಗಿ ಯಾವುದು ಹಿಡಿಸುತ್ತದೆ ಎಂದು ಕೇಳಿ. ಮಂಜು ಬೆರೆತ ಮಣ್ಣಿನಿಂದ ನೀರು ತೆಗೆಯುವ ವಿಷಯವೇ ಇಷ್ಟವಾದರೆ ಮೆಕ್ಯಾನಿಕಲ್ ಅಥವಾ ಕೆಮಿಕಲ್ ಇಂಜಿನಿಯರಿಂಗ್ ತೆಗೆದುಕೊಳ್ಳಲಿ, ಆಮೇಲೆ ಎಂ.ಟೆಕ್‌ನಲ್ಲಿ ಥರ್ಮಲ್. ಆ ಹೊತ್ತಿಗೆ ಚಂದ್ರಯಾನ-4ರ ಮಣ್ಣು ಬಂದಿದ್ದರೆ ಅವಳು ಕಲಿಯುವಾಗಲೇ ಅದರ ಮೇಲೆ ಕೆಲಸ ಮಾಡುವ ಅವಕಾಶ ಸಿಗಬಹುದು.